ಮಗಳಿಗೊಂದು ಪತ್ರ: ಎಸ್‌ಎಂಪಿಎಸ್ ಬದಲಿಸುವ ಮೊದಲು

ಪುಟ್ಟಿ,

ಕಂಪ್ಯೂಟರಿನ ಬಟನ್ ಒತ್ತಿದರೆ ಫ್ಯಾನ್ ಒಂದು ಸುತ್ತು ತಿರುಗಿ ನಿಂತುಬಿಡುತ್ತದೆ ಅಂತ ಬರೆದಿದ್ದೀಯ. ಅಂಗಡಿಯವನು ಕ್ಯಾಬಿನೆಟ್ ಬಿಚ್ಚದೆಯೇ ‘ಎಸ್‌ಎಂಪಿಎಸ್ ಹೋಗಿದೆ, ಹೊಸದು ಹಾಕಿಸಿ’ ಅಂದನಂತೆ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬಿಯೇ ಎಸ್‌ಎಂಪಿಎಸ್. ಅದು ಹೋಗಿರಲೂಬಹುದು. ಆದರೆ ಅಳೆದು ನೋಡದೆ ದುಡ್ಡು ಬಿಚ್ಚಬೇಡ. ಮದರ್‌ಬೋರ್ಡಿನಲ್ಲೋ ಗ್ರಾಫಿಕ್ಸ್ ಕಾರ್ಡಿನಲ್ಲೋ ಶಾರ್ಟ್ ಆಗಿದ್ದರೂ ಎಸ್‌ಎಂಪಿಎಸ್ ಹೀಗೇ ಆಫ್ ಆಗುತ್ತದೆ. ಆಗ ಹೊಸದು ತಂದು ಹಾಕಿದರೂ ಅದೇ ಕಥೆ.

ಮೊದಲು ಬೇರೆ ಪವರ್ ಕಾರ್ಡ್, ಬೇರೆ ಪ್ಲಗ್ ಪಾಯಿಂಟ್ ಹಾಕಿ ನೋಡು. ನಗಬೇಡ, ಎಷ್ಟೋ ‘ಸತ್ತ’ ಕಂಪ್ಯೂಟರ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಅದಕ್ಕೂ ಜಗ್ಗದಿದ್ದರೆ ಪ್ಲಗ್ ಕಿತ್ತು, ಎಸ್‌ಎಂಪಿಎಸ್‌ನಿಂದ ಬಂದಿರುವ ಎಲ್ಲ ಕೇಬಲ್ ಬಿಡಿಸು. ಕ್ಯಾಬಿನೆಟ್ ಫ್ಯಾನೋ ಹಳೇ ಹಾರ್ಡ್ ಡಿಸ್ಕೋ ಒಂದು ಮಾತ್ರ ಇರಲಿ, ಸ್ವಲ್ಪ ಲೋಡ್, ಅಂದರೆ ಕರೆಂಟ್ ಎಳೆಯುವ ಏನಾದರೂ ಬೇಕು. 24 ಪಿನ್ನಿನ ದೊಡ್ಡ ಕನೆಕ್ಟರ್‌ನಲ್ಲಿ ಹಸಿರು ವೈರ್ ಒಂದೇ ಇರುತ್ತದೆ. ಅದಕ್ಕೂ ಪಕ್ಕದ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಬಗ್ಗಿಸಿ ಸಿಕ್ಕಿಸು. ಆಮೇಲೆ ಪ್ಲಗ್ ಹಾಕಿ ಸ್ವಿಚ್ ಒತ್ತು. ಮದರ್‌ಬೋರ್ಡ್ ಕೊಡುವ ‘ಆನ್ ಆಗು’ ಅನ್ನುವ ಸಂಕೇತವನ್ನು ಈಗ ಕ್ಲಿಪ್ ಕೊಡುತ್ತದೆ, ಅಷ್ಟೇ. ನಿನ್ನದರಲ್ಲಿ ವೈರ್ ಎಲ್ಲ ಕಪ್ಪೇ ಇದ್ದರೆ ಅಂದಾಜಿನ ಮೇಲೆ ಸಿಕ್ಕಿಸಬೇಡ, ಪಿನ್ ಚಿತ್ರ ನೋಡಿಕೊಂಡು ಮಾಡು.

ಫ್ಯಾನ್ ತಿರುಗಿತು ಅಂತ ಖುಷಿಪಡಬೇಡ. ಬಿಸಿಯಾಗುವವರೆಗೆ ಫ್ಯಾನ್ ತಿರುಗಿಸದ ಮಾಡೆಲ್‌ಗಳೂ ಇವೆ, ತಿರುಗುತ್ತಲೇ ತಪ್ಪು ವೋಲ್ಟೇಜ್ ಕೊಡುವವೂ ಇವೆ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಅನ್ನು ಡಿಸಿ 20ಕ್ಕೆ ಇಡು. ಅದರ ಕಪ್ಪು ಪ್ರೋಬ್ (ಮುಟ್ಟಿಸುವ ಕಡ್ಡಿ) ಕಪ್ಪು ವೈರಿಗೆ, ಕೆಂಪು ಪ್ರೋಬ್ ಅಳೆಯಬೇಕಾದ ವೈರಿಗೆ. ಹಳದಿ ವೈರಿನಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಬರಬೇಕು. ಬೂದು ವೈರನ್ನು ಜನ ಮರೆಯುತ್ತಾರೆ. ಅದರಲ್ಲಿ ಸುಮಾರು 5 ವೋಲ್ಟ್ ಬಂದರೇನೇ ಬೋರ್ಡ್ ‘ಕರೆಂಟ್ ಸರಿ ಇದೆ’ ಅಂತ ನಂಬಿ ಶುರುವಾಗುವುದು.

ಎಲ್ಲ ಸರಿ ಇದ್ದರೆ ಬೋರ್ಡಿಗೆ ಮತ್ತೆ ಜೋಡಿಸಿ, ಗ್ರಾಫಿಕ್ಸ್ ಕಾರ್ಡ್, ಡಿಸ್ಕ್‌ಗಳನ್ನು ಒಂದೊಂದಾಗಿ ಸೇರಿಸು. ಯಾವುದು ಸೇರಿದಾಗ ನಿಲ್ಲುತ್ತದೋ ಅದರ ಮೇಲೇ ಮೊದಲ ಅನುಮಾನ. ಆದರೆ ಲೋಡ್ ಬಿದ್ದ ಕೂಡಲೇ ಹಳದಿ 11.4ಕ್ಕಿಂತ ಕೆಳಗಿಳಿದರೆ ಅಂಗಡಿಯವನು ಹೇಳಿದ್ದೇ ಸರಿ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡ. ನಮ್ಮ 230 ವೋಲ್ಟ್ ಒಳಗೆ ಸುಮಾರು 325 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಡಿಸಿ ಆಗಿ, ಕರೆಂಟ್ ಹಿಡಿದಿಡುವ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರಬಹುದು. ಇದರಲ್ಲಿ ಧೈರ್ಯ ತೋರಿಸುವುದು ಬೇಡಮ್ಮ.

ಹೊಸದು ಕೊಳ್ಳುವುದೇ ಆದರೆ ‘ಜಾಸ್ತಿ ವ್ಯಾಟ್ ತಗೊಳ್ಳಿ’ ಅನ್ನುವ ಮಾತಿಗೆ ಮರುಳಾಗಬೇಡ. ನಿನ್ನಂಥ ಸಾಧಾರಣ ಕಂಪ್ಯೂಟರಿಗೆ ಒಳ್ಳೆ ಕಂಪನಿಯ 550 ವ್ಯಾಟ್ ಧಾರಾಳ. ಲೇಬಲ್‌ನಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪ್ಸ್ ಇದೆ ನೋಡು. 45 ಇದ್ದರೆ 540 ವ್ಯಾಟ್ ಆಯಿತು, ಸರಿ. 25 ಅಂತಿದ್ದರೆ ಮೇಲೆ ಬರೆದ 550 ಬರೀ ಹೆಸರಿಗೆ. 80 ಪ್ಲಸ್ ಸ್ಟಿಕ್ಕರ್ ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನಷ್ಟೇ ಹೇಳುತ್ತದೆ, ಬಾಳಿಕೆಯನ್ನಲ್ಲ.

ಕೇಬಲ್ ಕಳಚಿ ಹಾಕುವಂಥದ್ದಾದರೆ ಹಳೇ ಕೇಬಲ್‌ಗಳನ್ನು ಹೊಸದಕ್ಕೆ ಸಿಕ್ಕಿಸಲೇಬೇಡ. ಸಲೀಸಾಗಿ ಕೂತರೂ ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು, ಹಾರ್ಡ್ ಡಿಸ್ಕ್ ಸುಟ್ಟುಹೋದೀತು.

ಇನ್ನೊಂದು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ಪತ್ರದ ಕೊನೆಗೆ ಸುಮ್ನೆ ಸೇರಿಸಿದ್ದೀಯಲ್ಲ, ನನಗೆ ಚಿಂತೆ ಹತ್ತಿದ್ದು ಅದಕ್ಕೇ. ನಿನ್ನ ಪ್ಲಗ್ ಪಾಯಿಂಟಿಗೆ ಅರ್ಥಿಂಗ್ ಇದ್ದಂತಿಲ್ಲ. ಎಸ್‌ಎಂಪಿಎಸ್ ಬದಲಿಸಿದರೆ ಅದು ಹೋಗುವುದಿಲ್ಲ. ನಾಳೆಯೇ ಪಿಜಿ ಆಂಟಿಗೆ ಹೇಳಿ ಎಲೆಕ್ಟ್ರಿಶಿಯನ್ ಕರೆಸು. ಅವನು ನೋಡುವವರೆಗೆ ಆ ಪ್ಲಗ್‌ನಲ್ಲಿ ಏನನ್ನೂ ಹಾಕಬೇಡ.

ನಿನ್ನ
ಅಮ್ಮ