ಗಲ್ಫ್‌ಗೆ ಹೊರಡುವವರಿಗೆ ಆಡುಮಾತಿನ ಅರಬ್ಬಿ ಎಣಿಕೆ ಕಲಿಸಿ

ಮಾನ್ಯ ಸಂಪಾದಕರೇ,

ಗಲ್ಫ್ ದೇಶಗಳಿಗೆ ದುಡಿಯಲು ಹೋಗುವ ತರುಣರಿಗಾಗಿ ನಮ್ಮ ಕರಾವಳಿಯ ಪಟ್ಟಣಗಳಲ್ಲಿ ಅಲ್ಲಲ್ಲಿ ಅರಬ್ಬಿ ಮಾತಿನ ತರಗತಿಗಳು ನಡೆಯುತ್ತವೆ. ಪರಿಚಿತರ ಮಕ್ಕಳು ಅಲ್ಲಿಂದ ತಂದು ತೋರಿಸಿದ ಪುಸ್ತಕಗಳನ್ನು ನೋಡಿದ ಮೇಲೆ ಈ ಪತ್ರ ಬರೆಯಬೇಕೆನಿಸಿತು. ಅವುಗಳಲ್ಲಿ ಎಣಿಕೆಯ ಪಾಠಕ್ಕೆ ಒಂದೇ ಪುಟ ಮೀಸಲು. ಆ ಪುಟದಲ್ಲಿರುವುದೂ ಗ್ರಂಥಸ್ಥ ಅರಬ್ಬಿಯ, ಅಂದರೆ ಅರಬರು ಫುಸ್ಹಾ ಎಂದು ಕರೆಯುವ ಭಾಷೆಯ ಸಂಖ್ಯೆಗಳು ಮಾತ್ರ. ಕುವೈತ್‌ನ ಸಗಟು ದಿನಸಿ ಮಳಿಗೆಯೊಂದರಲ್ಲಿ ಹಲವು ವರ್ಷ ಲೆಕ್ಕ ಬರೆದವನಾಗಿ ಹೇಳುವುದಾದರೆ, ಆ ಪುಟವನ್ನು ಬಾಯಿಪಾಠ ಮಾಡಿಕೊಂಡು ವಿಮಾನ ಹತ್ತಿದವನಿಗೆ ಅಲ್ಲಿನ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಅದರ ಅರ್ಧದಷ್ಟೂ ಕಿವಿಗೆ ಬೀಳುವುದಿಲ್ಲ.

ಫುಸ್ಹಾ ಎಂಬುದು ವಾರ್ತೆ ಓದುವವರ, ಪ್ರವಚನ ಮಾಡುವವರ, ಕರಾರುಪತ್ರ ಬರೆಯುವವರ ಭಾಷೆ. ಮನೆಯಲ್ಲೂ ಪೇಟೆಯಲ್ಲೂ ಜನ ಆಡುವುದು ತಂತಮ್ಮ ನಾಡಿನ ನುಡಿಯನ್ನು. ಗಲ್ಫ್‌ನ ಯಾವುದೇ ಮಳಿಗೆಯಲ್ಲಿ ಮಾಲೀಕ ಸ್ಥಳೀಯನಾದರೆ, ಲೆಕ್ಕ ತಪಾಸಣೆಗೆ ಬರುವವನು ಈಜಿಪ್ಟಿನವನಾಗಿರಬಹುದು, ಸರಕು ತರುವ ಏಜೆಂಟ್ ಸಿರಿಯಾದವನೋ ಲೆಬನಾನಿನವನೋ ಆಗಿರಬಹುದು. ಒಂದೇ ಬೆಳಿಗ್ಗೆ ಮೂರು ನುಡಿಗಳ ಎಣಿಕೆ ಒಬ್ಬನ ಕಿವಿಗೆ ಬೀಳುವುದು ಅಲ್ಲಿ ವಿಶೇಷವೇ ಅಲ್ಲ. ಪುಸ್ತಕದ ‘ಥಲಾಥ’ ಎಂಬ ಮೂರು, ಗಲ್ಫ್‌ನವರ ಬಾಯಲ್ಲಿ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಹೇಳುವ ಆ ಧ್ವನಿ ಅವರಿಗೆ ಸಹಜ. ಈಜಿಪ್ಟಿನವರು ಅದನ್ನು ‘ತಲಾತ’ ಎನ್ನುತ್ತಾರೆ, ದಮಾಸ್ಕಸ್ ಮತ್ತು ಬೈರೂತಿನ ಕಡೆಯವರು ‘ತ್ಲಾತೆ’ ಎನ್ನುತ್ತಾರೆ. ಎರಡು ಕೂಡ ಹೀಗೆಯೇ: ಗಲ್ಫ್‌ನಲ್ಲಿ ‘ಥ್ನೇನ್’, ಕೈರೋದಲ್ಲಿ ‘ಇತ್ನೇನ್’, ಬೈರೂತಿನಲ್ಲಿ ‘ತ್ನೇನ್’. ಎಂಟಕ್ಕೆ ಈಜಿಪ್ಟಿನಲ್ಲಿ ‘ತಮನ್ಯ’, ಸಿರಿಯಾದಲ್ಲಿ ‘ತ್ಮಾನೆ’. ನಾಲ್ಕು, ಐದು, ಆರು, ಏಳು ಎಲ್ಲ ಕಡೆಯೂ ಸುಲಭವಾಗಿ ಗುರುತು ಸಿಗುವುದರಿಂದ ಅವುಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ.

ತೊಡಕು ಶುರುವಾಗುವುದು ಹನ್ನೊಂದರಿಂದ. ಹದಿನೈದಕ್ಕೆ ಫುಸ್ಹಾದಲ್ಲಿ ‘ಖಮ್ಸತ ಅಶರ’ ಎಂಬ ಎರಡು ಬಿಡಿ ಪದಗಳಿವೆ, ಐದು ಮತ್ತು ಹತ್ತು. ಆಡುಮಾತಿನಲ್ಲಿ ಇವೆರಡೂ ಬೆಸೆದುಕೊಂಡು ಒಂದಾಗಿಬಿಟ್ಟಿವೆ, ಆದರೆ ಬೆಸುಗೆಯಲ್ಲಿ ಸವೆದುಹೋದ ಭಾಗ ನಾಡಿನಿಂದ ನಾಡಿಗೆ ಬೇರೆ. ಈಜಿಪ್ಟಿನವರು ಗಂಟಲಿನಿಂದ ಹೊರಡುವ ‘ಐನ್’ ಎಂಬ ಅಕ್ಷರವನ್ನು ಬಿಟ್ಟು ಕೊನೆಯ ರಕಾರವನ್ನು ಉಳಿಸಿಕೊಂಡು ‘ಖಮಸ್ತಾಶರ್’ ಎನ್ನುತ್ತಾರೆ. ಸಿರಿಯಾ, ಲೆಬನಾನ್, ಪ್ಯಾಲೆಸ್ಟೈನ್ ಕಡೆಯವರು ರಕಾರವನ್ನು ಬಿಟ್ಟು ಗಂಟಲಿನ ಧ್ವನಿಯನ್ನು ಉಳಿಸಿಕೊಂಡು ‘ಖಮ್‌ಸ್ತಅಶ್’ ಎನ್ನುತ್ತಾರೆ. ಗಲ್ಫ್‌ನದು ಇದಕ್ಕೆ ಹತ್ತಿರದ ರೂಪ. ಮೊರೊಕ್ಕೊದವರು ಎರಡನ್ನೂ ಬಿಟ್ಟು ‘ಖಮ್‌ಸ್ತಾಶ್’ ಎಂದು ಮುಗಿಸುತ್ತಾರೆ. ಇಷ್ಟು ತಿಳಿದರೂ ಕೆಲಸ ಪೂರ್ತಿಯಾಗದು, ಏಕೆಂದರೆ ಸಿರಿಯಾದವನು ಬರೀ ಹದಿನೈದು ಎನ್ನುವಾಗ ನುಂಗಿದ ರಕಾರ ಮುಂದೊಂದು ನಾಮಪದ ಬಂದೊಡನೆ ಮರಳಿ ಕಾಣಿಸಿಕೊಳ್ಳುತ್ತದೆ. ಹದಿನೈದು ದಿನ ಎನ್ನಬೇಕಾದರೆ ಅವನು ‘ಖಮ್‌ಸ್ತಅಶರ್ ಯೋಮ್’ ಎನ್ನುತ್ತಾನೆ. ಪುಟ ನೋಡಿ ಕಲಿತವನು ಇದನ್ನು ಬೇರಾವುದೋ ಸಂಖ್ಯೆ ಎಂದುಕೊಂಡು ಗೊಂದಲಕ್ಕೆ ಬೀಳುತ್ತಾನೆ.

ಇಪ್ಪತ್ತು ದಾಟಿದ ಮೇಲೆ ಎಲ್ಲ ನುಡಿಗಳಿಗೂ ಸಮಾನವಾದ ಒಂದು ಕ್ರಮವಿದೆ, ಕನ್ನಡಿಗನಿಗೆ ಅತಿ ಹೆಚ್ಚು ಅಭ್ಯಾಸ ಬೇಕಾಗುವುದು ಅದಕ್ಕೇ. ನಾವು ಎಪ್ಪತ್ತೈದು ಎಂದು ಹತ್ತರ ಸ್ಥಾನವನ್ನು ಮೊದಲು ಹೇಳಿದರೆ, ಅರಬರು ‘ಖಮ್ಸ ವ ಸಬ್‌ಈನ್’, ಐದು ಮತ್ತು ಎಪ್ಪತ್ತು, ಎನ್ನುತ್ತಾರೆ. ಐವತ್ತೇಳು ಎನ್ನಲು ‘ಸಬ್‌ಅ ವ ಖಮ್ಸೀನ್’. ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುವವನು ಮೊದಲು ಕಿವಿಗೆ ಬಿದ್ದ ಐದನ್ನೇ ಮೊದಲು ಬರೆದು ಅದರ ಬಲಕ್ಕೆ ಏಳನ್ನು ಬರೆದನೆಂದರೆ, ಎಪ್ಪತ್ತೈದು ಚೀಲ ಅಕ್ಕಿ ಐವತ್ತೇಳಾಗಿ ಲಾರಿ ಹತ್ತುತ್ತದೆ. ಪಳಗಿದ ಗುಮಾಸ್ತರ ಕೈ ನೋಡಿ: ‘ಖಮ್ಸ’ ಎಂದೊಡನೆ ಪೆನ್ನು ಎಡಕ್ಕೆ ಒಂದು ಅಂಕಿಯಷ್ಟು ಜಾಗ ಬಿಟ್ಟು ಐದನ್ನು ಬರೆಯುತ್ತದೆ, ‘ಸಬ್‌ಈನ್’ ಕೇಳಿದ ಮೇಲೆ ಹಿಂದಕ್ಕೆ ಹೋಗಿ ಏಳನ್ನು ತುಂಬುತ್ತದೆ. ಹಿಂದಿ, ಉರ್ದು, ಕೊಂಕಣಿ ಮಗ್ಗಿ ಕಲಿತವರಿಗೆ ಇದು ಬೇಗ ಹಿಡಿತಕ್ಕೆ ಬರುತ್ತದೆ, ಏಕೆಂದರೆ ಪಚ್ಚೀಸ್ ಎನ್ನುವಲ್ಲಿಯೂ ಐದೇ ಮುಂದೆ ನಿಂತಿದೆ. ಕನ್ನಡ, ತುಳು ಮಾತ್ರ ಬಲ್ಲವರಿಗೆ ಈ ಒಂದು ಪಾಠಕ್ಕಾಗಿಯೇ ಹಲವು ದಿನ ಉಕ್ತಲೇಖನ ಬರೆಯಿಸಬೇಕು.

ಬರಹದ ಅಂಕಿಗಳೂ ಮೋಸಮಾಡುತ್ತವೆ. ಈಜಿಪ್ಟಿನಿಂದ ಪೂರ್ವಕ್ಕಿರುವ ಅರಬ್ ನಾಡುಗಳಲ್ಲಿ ಬಳಸುವ ಅಂಕಿಗಳನ್ನು ಅರಬರೇ ‘ಹಿಂದೀ ಅಂಕಿಗಳು’ ಎನ್ನುತ್ತಾರೆ; ಮೂಲ ನಮ್ಮ ದೇಶದ್ದೇ ಆದರೂ ರೂಪ ನಮಗೆ ಅಪರಿಚಿತ. ಅಲ್ಲಿ ಸೊನ್ನೆ ಎಂದರೆ ಬರೀ ಒಂದು ಚುಕ್ಕೆ. ನಮ್ಮ ಕಣ್ಣಿಗೆ ಸೊನ್ನೆಯಂತೆ ಕಾಣುವ ದುಂಡನೆಯ ಗುರುತು ಐದು. ಇಂಗ್ಲಿಷಿನ ಏಳಿನಂತೆ ಕಾಣುವುದು ಆರು. ಅಕ್ಷರಗಳು ಬಲದಿಂದ ಎಡಕ್ಕೆ ಸಾಗಿದರೂ ಅಂಕಿಗಳ ದೊಡ್ಡ ಸ್ಥಾನ ನಮ್ಮಲ್ಲಿರುವಂತೆ ಎಡಗಡೆಗೇ ಇರುತ್ತದೆ. ಮೊರೊಕ್ಕೊ, ಅಲ್ಜೀರಿಯಾ, ಟುನೀಶಿಯಾಗಳಲ್ಲಿ ಈ ತಾಪತ್ರಯವಿಲ್ಲ, ಅಲ್ಲಿ ಜಗತ್ತೆಲ್ಲ ಬಳಸುವ ಅಂಕಿಗಳೇ ರೂಢಿಯಲ್ಲಿವೆ. ಇನ್ನು ಪದಗಳಲ್ಲಿ ಬರೆದ ಏಳು ಮತ್ತು ಒಂಬತ್ತು ಅರಬರಿಗೇ ಹಳೆಯ ತಲೆನೋವು. ‘ಸಬ್‌ಅ’, ‘ತಿಸ್‌ಅ’ ಎಂಬ ಈ ಎರಡು ಪದಗಳಿಂದ ಚುಕ್ಕೆಗಳನ್ನು ತೆಗೆದರೆ ಉಳಿಯುವ ಗೆರೆ ಒಂದೇ. ಆದ್ದರಿಂದ ಹಿಂದಿನ ಗ್ರಂಥಕಾರರು ಇಸವಿಗಳನ್ನು ಬರೆಯುವಾಗ ‘ಸೀನ್ ಅಕ್ಷರ ಮೊದಲು ಬರುವ ಪದ’ ಎಂದು ಪಕ್ಕದಲ್ಲಿ ವಿವರಣೆ ಸೇರಿಸುತ್ತಿದ್ದರು. ಅವಸರದ ಕೈಬರಹದ ಚೀಟಿ ಓದುವ ನಮ್ಮ ಹುಡುಗರು ಅಂಥ ಕಡೆ ಎರಡು ಸಲ ಕೇಳಿ ಖಚಿತಪಡಿಸಿಕೊಂಡರೆ ಯಾರೂ ನಗುವುದಿಲ್ಲ.

ನೂರುಗಳ ವಿಷಯದಲ್ಲಿ ಈಜಿಪ್ಟಿನ ಮಾತನ್ನು ಪ್ರತ್ಯೇಕವಾಗಿಯೇ ಹೇಳಿಕೊಡಬೇಕಾಗುತ್ತದೆ. ನಾನೂರನ್ನು ಅವರು ‘ರುಬ್‌ಉಮಿಯ್ಯ’ ಎನ್ನುತ್ತಾರೆ, ಮುನ್ನೂರನ್ನು ‘ತುಲ್ತುಮಿಯ್ಯ’ ಎನ್ನುತ್ತಾರೆ. ‘ರುಬ್‌ಅ್’ ಎಂದರೆ ಕಾಲು ಭಾಗ ಎಂದು ಕಲಿತುಕೊಂಡು ಹೋದ ಹೊಸಬ ಅದನ್ನು ಕೇಳಿ ನೂರರ ಕಾಲು, ಅಂದರೆ ಇಪ್ಪತ್ತೈದು, ಎಂದು ತಿಳಿದರೆ ಅದು ಅವನ ದಡ್ಡತನವೇನಲ್ಲ. ನಾಮಪದದೊಂದಿಗೆ ಸೇರುವಾಗಲೂ ಪುಸ್ತಕದ ನಿಯಮ ಪೇಟೆಯಲ್ಲಿ ಹಾಗೆಯೇ ನಡೆಯುವುದಿಲ್ಲ. ಮೂರರಿಂದ ಹತ್ತರವರೆಗೆ ಎಣಿಸುವ ವಸ್ತು ಪುಲ್ಲಿಂಗವಾದರೆ ಸಂಖ್ಯೆ ಸ್ತ್ರೀಲಿಂಗದ ರೂಪ ತಾಳಬೇಕು, ವಸ್ತು ಸ್ತ್ರೀಲಿಂಗವಾದರೆ ಸಂಖ್ಯೆ ಪುಲ್ಲಿಂಗವಾಗಬೇಕು ಎಂಬ ಫುಸ್ಹಾದ ವ್ಯಾಕರಣಕ್ಕೆ ಆಡುಮಾತು ಬಹುಪಾಲು ವಿದಾಯ ಹೇಳಿದೆ. ಎರಡು ವಸ್ತುಗಳಿದ್ದರೆ ಎರಡು ಎಂಬ ಪದವನ್ನೇ ಬಳಸದೆ ನಾಮಪದಕ್ಕೆ ‘ಏನ್’ ಸೇರಿಸುವ ದ್ವಿವಚನ ಮಾತ್ರ ಗಲ್ಫ್, ಈಜಿಪ್ಟ್, ಸಿರಿಯಾ ಕಡೆಯ ನುಡಿಗಳಲ್ಲಿ ಗಟ್ಟಿಯಾಗಿ ಉಳಿದಿದೆ: ‘ಯೋಮ್’ ಒಂದು ದಿನ, ‘ಯೋಮೇನ್’ ಎರಡು ದಿನ. ಆದರೆ ಕೈರೋದ ಹೋಟೆಲಿನಲ್ಲಿ ಎರಡು ಚಹಾ ಹೇಳುವವನು ದ್ವಿವಚನಕ್ಕೆ ಹೋಗದೆ ‘ಇತ್ನೇನ್ ಶಾಯ್’ ಎನ್ನುತ್ತಾನೆ, ಐದು ಪೌಂಡ್ ಎನ್ನಲು ಬಹುವಚನ ಬಿಟ್ಟು ‘ಖಮ್ಸ ಗಿನೇಹ್’ ಎನ್ನುತ್ತಾನೆ. ಹಣಕ್ಕೂ ತಿಂಡಿ ತೀರ್ಥಕ್ಕೂ ಬೇರೆಯೇ ನಿಯಮ!

ಗಲ್ಫ್‌ನ ಹಳಬರ ಲೆಕ್ಕದಲ್ಲಿ ನಮ್ಮ ನಾಣ್ಯದ ನೆನಪೂ ಬೆರೆತಿದೆ ಎಂಬುದನ್ನು ಇಲ್ಲಿ ಹೇಳದಿರಲಾರೆ. ಅಲ್ಲಿನ ಹಲವು ನಾಡುಗಳಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರದೇಶಕ್ಕಾಗಿಯೇ ಪ್ರತ್ಯೇಕ ನೋಟುಗಳನ್ನು ಹೊರಡಿಸಿತ್ತು. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ಸ್ವಂತ ದಿನಾರ್‌ಗೆ ಬದಲಾದವು. ಬಹರೈನಿನಲ್ಲಿ ಆಗ ಹತ್ತು ರೂಪಾಯಿಗೆ ಒಂದು ದಿನಾರ್ ಎಂದು ನಿಗದಿಯಾದ್ದರಿಂದ, ದಿನಾರಿನ ಹತ್ತನೇ ಒಂದು ಭಾಗವಾದ ನೂರು ಫಿಲ್ಸ್‌ಗೆ ‘ರೂಬಿಯ್ಯ’ ಎನ್ನುವ ರೂಢಿ ಅಲ್ಲಿ ಉಳಿಯಿತು. ಒಮಾನಿನ ರಿಯಾಲ್ ಇಂದಿಗೂ ಸಾವಿರ ‘ಬೈಸಾ’ಗಳಾಗಿ ಒಡೆಯುತ್ತದೆ. ಲಕ್ಷಕ್ಕೆ ‘ಲಕ್’ ಎನ್ನುವ ವೃದ್ಧರೂ ಗಲ್ಫ್‌ನಲ್ಲಿದ್ದಾರೆ.

ಡ್ರೈವರ್ ಕೆಲಸಕ್ಕೆ ಹೋಗುವವರು ಗಡಿಯಾರದ ಎಣಿಕೆಯನ್ನು ಚೆನ್ನಾಗಿ ಕಲಿಯಬೇಕು. ಅರಬರು ಗಂಟೆಯನ್ನು ಅರ್ಧ, ಕಾಲು ಎಂದು ಮಾತ್ರವಲ್ಲ, ಮೂರನೇ ಒಂದು ಭಾಗ ಎಂದೂ ಒಡೆಯುತ್ತಾರೆ. ಇಪ್ಪತ್ತು ನಿಮಿಷಕ್ಕೆ ಗಲ್ಫ್‌ನಲ್ಲಿ ‘ಥುಲ್ಥ್’, ಈಜಿಪ್ಟಿನಲ್ಲಿ ‘ತಿಲ್ತ್’. ‘ಇಲ್ಲಾ’ ಎಂದರೆ ಕಡಿಮೆ. ಹೀಗಾಗಿ ‘ಸಬ್‌ಅ ಇಲ್ಲಾ ಥುಲ್ಥ್’ ಎಂದರೆ ಆರು ಗಂಟೆ ನಲವತ್ತು ನಿಮಿಷ. ಮೊದಲ ಪದವಷ್ಟೇ ಅರ್ಥವಾದ ಡ್ರೈವರ್ ಏಳು ಗಂಟೆಗೆ ಕಾರು ತಂದು ನಿಲ್ಲಿಸಿದರೆ ಶಾಲೆಯ ಮಕ್ಕಳು ಇಪ್ಪತ್ತು ನಿಮಿಷ ಬಾಗಿಲಲ್ಲಿ ಕಾದಿರುತ್ತಾರೆ, ಬೈಗುಳ ಇವನ ಪಾಲಿಗೆ. ಐದೂ ಇಪ್ಪತ್ತೈದಕ್ಕೆ ‘ಖಮ್ಸ ವ ನುಸ್ ಇಲ್ಲಾ ಖಮ್ಸ’, ಅಂದರೆ ಐದೂವರೆಗೆ ಐದು ಕಡಿಮೆ, ಎಂಬ ರೂಪವೂ ಧಾರಾಳವಾಗಿ ಬಳಕೆಯಲ್ಲಿದೆ. ತಿಂಗಳುಗಳನ್ನು ಹೆಸರಿನ ಬದಲು ಸಂಖ್ಯೆಯಿಂದ ಕರೆಯುವ ಅಭ್ಯಾಸ ಗಲ್ಫ್‌ನಲ್ಲಿರುವುದರಿಂದ, ಮೇ ತಿಂಗಳು ‘ಶಹರ್ ಖಮ್ಸ’ ಆಗುತ್ತದೆ.

ಮೊರೊಕ್ಕೊದ ಎಣಿಕೆಯನ್ನು ಗಲ್ಫ್‌ಗೆ ಹೋಗುವವರು ಕಲಿಯಲೇಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿ ಎರಡಕ್ಕೆ ‘ಜೂಜ್’ ಎನ್ನುತ್ತಾರೆ, ಜೋಡಿ ಎಂಬರ್ಥದ ಪದದಿಂದ ಬಂದದ್ದು ಅದು. ಆದರೆ ಇಪ್ಪತ್ತೆರಡು ಎನ್ನುವಾಗ ಜೂಜ್ ಮಾಯವಾಗಿ ಹಳೆಯ ‘ತ್ನೀನ್’ ಹಿಂದಿರುಗುತ್ತದೆ. ಹಳಬರು ಇಪ್ಪತ್ತು ರಿಯಾಲ್‌ಗೆ ಒಂದು ದಿರ್ಹಮ್ ಎಂಬ ಲೆಕ್ಕ ಹಿಡಿದು ನೂರು ದಿರ್ಹಮ್‌ನ ವಸ್ತುವಿಗೆ ಎರಡು ಸಾವಿರ ಎಂದುಬಿಡುತ್ತಾರೆ, ರಿಯಾಲ್ ಎಂಬ ನಾಣ್ಯ ಅಲ್ಲಿ ಚಲಾವಣೆಯಲ್ಲಿಲ್ಲದಿದ್ದರೂ. ಪ್ರವಾಸಿಗರು ಬೆಚ್ಚಿಬೀಳುವುದು ಸಹಜ.

ಶುದ್ಧ ಭಾಷೆಯನ್ನೇ ಕಲಿಸಬೇಕು, ಆಡುಮಾತು ಅಲ್ಲಿಗೆ ಹೋದ ಮೇಲೆ ತಾನಾಗಿ ಬರುತ್ತದೆ ಎಂದು ತರಗತಿ ನಡೆಸುವವರು ವಾದಿಸಬಹುದು. ಚೆಕ್, ಕರಾರುಪತ್ರ, ನ್ಯಾಯಾಲಯದ ಕಾಗದಗಳಲ್ಲಿ ಫುಸ್ಹಾ ಬೇಕೇ ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕಟ್ಟಡದ ಕೆಲಸಕ್ಕೋ ಅಂಗಡಿ ಕೆಲಸಕ್ಕೋ ಹೋದವನಿಗೆ ತಾನಾಗಿ ಬರುವುದು ಆಡುಮಾತಲ್ಲ, ನಾನಾ ದೇಶಗಳ ಕಾರ್ಮಿಕರು ಸೇರಿ ಕಟ್ಟಿಕೊಂಡ ಮುರುಕು ಅರಬ್ಬಿ. ಅದರಲ್ಲಿ ದ್ವಿವಚನವೂ ಇಲ್ಲ, ಬಹುವಚನವೂ ಇಲ್ಲ, ಐದು ಜನ ಎಂದರೆ ‘ಖಮ್ಸ ನಫರ್’ ಅಷ್ಟೇ. ಕ್ಯಾಂಪಿನೊಳಗೆ ಅದು ಸಾಕು. ಸಂಬಳದ ಬಾಕಿ ಎಷ್ಟು, ರಜೆ ಎಷ್ಟು ದಿನ, ಓವರ್‌ಟೈಮ್ ಎಷ್ಟು ಗಂಟೆ ಎಂದು ಕಚೇರಿಯವರೊಡನೆ ಮಾತಾಡುವಾಗ, ಎದುರಿಗಿರುವವನು ವೇಗವಾಗಿ ಆಡಿದ ‘ಯೋಮೇನ್’ ಎಂಬಲ್ಲಿ ಎರಡು ಎಂಬುದು ಅಡಗಿದೆ ಎಂದು ತಿಳಿಯದವನಿಗೆ ನಷ್ಟ ಖಂಡಿತ.

ಆದ್ದರಿಂದ ನನ್ನ ಸಲಹೆ ಇಷ್ಟು. ತರಗತಿಗಳಲ್ಲಿ ಗಲ್ಫ್‌ನ ಒಂದು ನುಡಿಯ ಎಣಿಕೆಯನ್ನು ಬಾಯಿಗೆ ಕೂರಿಸಿ, ಈಜಿಪ್ಟ್ ಮತ್ತು ಸಿರಿಯಾ ಕಡೆಯ ಎಣಿಕೆಯನ್ನು ಕೇಳಿ ಗುರುತಿಸುವಷ್ಟಾದರೂ ಕಲಿಸಲಿ. ವಿದೇಶಾಂಗ ಸಚಿವಾಲಯದ ವ್ಯವಸ್ಥೆಯಲ್ಲಿ ವಲಸೆ ಕಾರ್ಮಿಕರಿಗೆ ನೀಡುವ ಪ್ರಯಾಣಪೂರ್ವ ತರಬೇತಿಯಲ್ಲಿಯೂ ಇದಕ್ಕೊಂದು ಗಂಟೆ ಮೀಸಲಿಡಲಿ. ಮೂರೂ ನುಡಿಗಳವರು ಬೆಲೆ, ಗಂಟೆ, ದಿನಗಳನ್ನು ಹೇಳುವ ಧ್ವನಿಮುದ್ರಣ ಕೇಳಿಸಿ ಅಂಕಿಗಳಲ್ಲಿ ಬರೆಯಿಸುವುದಕ್ಕೆ ಒಂದು ಮೊಬೈಲ್ ಫೋನ್ ಸಾಕು. ಗಲ್ಫ್‌ನಿಂದ ಮರಳಿ ಬಂದು ಊರಲ್ಲಿರುವ ಅಂಗಡಿ ಲೆಕ್ಕಿಗರು, ಡ್ರೈವರ್‌ಗಳು, ನರ್ಸ್‌ಗಳು ಕರಾವಳಿಯ ಊರೂರಲ್ಲೂ ಸಿಗುತ್ತಾರೆ. ಕರೆದರೆ ವಾರಕ್ಕೊಂದು ಸಂಜೆ ಬಂದು ಪಾಠ ಹೇಳಲು ಅವರಲ್ಲಿ ಅನೇಕರು ಸಿದ್ಧರಿದ್ದಾರೆ, ನಾನೂ ಸೇರಿದಂತೆ.

ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕಿಗ, ಕುಂದಾಪುರ