ಮನೆಯ ಮೇಲೆ ಡ್ರೋನ್: ಹಾರಿಸುವವರ ಗುರುತು ಸಿಗಲಿ

ಮಾನ್ಯ ಸಂಪಾದಕರೇ,

ಮನೆಯ ಮೇಲೆ ಅಪರಿಚಿತ ಡ್ರೋನ್ ಸುಳಿದಾಡಿದರೆ, ಅದನ್ನು ಹಾರಿಸುತ್ತಿರುವವರು ಯಾರೆಂದು ತಿಳಿಯುವ ದಾರಿ ಆ ಮನೆಯವರಿಗೆ ಇರಲೇಬೇಕು. ಸಾಮಾನ್ಯ ಡ್ರೋನ್‌ಗಳು ಹೆಚ್ಚಾಗಿ 2.4 ಅಥವಾ 5.8 ಗಿಗಾಹರ್ಟ್ಸ್ ತರಂಗಗಳಲ್ಲಿ ನಿಯಂತ್ರಕದೊಂದಿಗೆ ಸಂಪರ್ಕದಲ್ಲಿರುವುದರಿಂದ ರೇಡಿಯೊ ಪತ್ತೆ ಸಾಧನಗಳು ಅವುಗಳ ಸುಳಿವು ಹಿಡಿಯಬಲ್ಲವಾದರೂ, ವೈಫೈ ಕೂಡ ಅದೇ ತರಂಗಗಳನ್ನು ಬಳಸುವ ಕಾರಣ ಅಗ್ಗದ ಸಾಧನಗಳು ಸುಳ್ಳು ಎಚ್ಚರಿಕೆ ನೀಡುವ ಸಂಭವವಿದೆ. ಮೊದಲೇ ನಿಗದಿಪಡಿಸಿದ ಮಾರ್ಗದಲ್ಲಿ ಸಂಕೇತ ಹೊರಡಿಸದೆ ಹಾರುವ ಡ್ರೋನ್ ಅವುಗಳಿಗೆ ಸಿಗುವುದೇ ಇಲ್ಲ. ಶಬ್ದ ಗ್ರಹಿಸುವ ಉಪಕರಣಗಳು ಗಾಳಿ, ವಾಹನಗಳ ಸದ್ದಿನಲ್ಲಿ ಸೋಲುತ್ತವೆ.

ಡ್ರೋನಿನ ಗುರುತು, ಸ್ಥಾನಗಳನ್ನು ಬ್ಲೂಟೂತ್ ಅಥವಾ ವೈಫೈ ಮೂಲಕ ಸಾರುವ, ಮೊಬೈಲಿನಲ್ಲೇ ಓದಬಹುದಾದ ‘ರಿಮೋಟ್ ಐಡಿ’ ವ್ಯವಸ್ಥೆ ನನ್ನ ದೃಷ್ಟಿಯಲ್ಲಿ ಹೆಚ್ಚು ಭರವಸೆಯದು. ಕ್ಯಾಮೆರಾ ಹೊತ್ತ ಪ್ರತಿ ಡ್ರೋನಿಗೂ ಇದನ್ನು ಕಡ್ಡಾಯಗೊಳಿಸಿ, ಅದರ ದಾಖಲೆಯನ್ನು ಪೊಲೀಸರು ದೂರಿನ ಆಧಾರವಾಗಿ ಸ್ವೀಕರಿಸುವಂತಾಗಬೇಕು.

ಇಂತಿ,
ಓರ್ವ ಓದುಗ