ರಕ್ಷಣಾ ಸ್ವಾವಲಂಬನೆಗೆ ಪೀಣ್ಯದ ಓವರ್‌ಡ್ರಾಫ್ಟೇ ಬಂಡವಾಳವೆ?

ಮಾನ್ಯ ಸಂಪಾದಕರೇ,

ರಕ್ಷಣಾ ಉತ್ಪಾದನೆಯಲ್ಲಿ ಸಣ್ಣ ಕೈಗಾರಿಕೆಗಳಿಗೆ ಸುವರ್ಣಾವಕಾಶ ಕಾದಿದೆ ಎಂದು ಹಿರಿಯ ಅಧಿಕಾರಿಯೊಬ್ಬರು ಮಾಡಿದ ಭಾಷಣದ ವರದಿಯನ್ನು ತಮ್ಮ ಪತ್ರಿಕೆಯ ಮೊನ್ನೆಯ ಸಂಚಿಕೆಯಲ್ಲಿ ಓದಿದೆ. ಅದೇ ದಿನ ಮಧ್ಯಾಹ್ನ, ನಗರದ ರಕ್ಷಣಾ ಸಾರ್ವಜನಿಕ ಉದ್ದಿಮೆಯೊಂದಕ್ಕೆ ನಾನು ಕಳುಹಿಸಿದ್ದ ಸರಕಿನ ಟೆಂಪೊ, ಒಂದು ಪೆಟ್ಟಿಗೆಯನ್ನೂ ಇಳಿಸದೆ ಗೇಟಿನಿಂದಲೇ ಪೀಣ್ಯಕ್ಕೆ ವಾಪಸಾಯಿತು. ಈ ವರ್ಷದ ಅನುದಾನ ಮುಗಿದಿದೆಯಂತೆ, ಏಪ್ರಿಲ್ ಕಳೆದ ಮೇಲೆ ತರಬೇಕಂತೆ. ಇದನ್ನೇ ಬರವಣಿಗೆಯಲ್ಲಿ ಕೊಡಿ ಎಂದು ಫೋನಿನಲ್ಲಿ ಕೇಳಿದ್ದಕ್ಕೆ, 'ಅದೆಲ್ಲ ಬರೆದುಕೊಡುವ ಪದ್ಧತಿ ನಮ್ಮಲ್ಲಿಲ್ಲ' ಎಂಬ ಉತ್ತರ ಬಂತು. ಬರೆದುಕೊಡುವ ಪದ್ಧತಿ ಇರುವುದು ಪರ್ಚೇಸ್ ಆರ್ಡರಿನಲ್ಲಿ ಮಾತ್ರ. ಅಲ್ಲಿ ಪೂರೈಕೆಯ ಕೊನೆಯ ದಿನಾಂಕವೂ, ತಡವಾದರೆ ವಾರಕ್ಕೆ ಅರ್ಧ ಪರ್ಸೆಂಟಿನಂತೆ ಕಡಿತವಾಗುವ ಎಲ್‌ಡಿ ಎಂಬ ದಂಡವೂ ದಪ್ಪಕ್ಷರದಲ್ಲಿ ಅಚ್ಚಾಗಿವೆ.

ಪೆಟ್ಟಿಗೆಗಳಲ್ಲಿರುವುದು ಅಲ್ಯೂಮಿನಿಯಂ ಬ್ರಾಕೆಟ್‌ಗಳು. ಒಂದೊಂದು ರಂಧ್ರವನ್ನೂ ಮೈಕ್ರಾನ್ ಲೆಕ್ಕದಲ್ಲಿ ಕೊರೆದು, ಅಳತೆ ಪರೀಕ್ಷಿಸುವ ಸಿಎಂಎಂ ಯಂತ್ರದ ವರದಿ ಲಗತ್ತಿಸಿ, ಮೇಲ್ಮೈಗೆ ರಕ್ಷಣಾ ಪದರ ಕೊಡುವ ಅನೊಡೈಸಿಂಗ್ ಮಾಡಿಸಿ, ಒಂದಕ್ಕೊಂದು ತಾಗದಂತೆ ಫೋಮ್ ಸುತ್ತಿ ಕಳುಹಿಸಿದ ಮಾಲು ಇದು. ಟೆಂಪೊದಲ್ಲಿ ಇನ್ನೊಂದು ಸಲ ಕುಲುಕಾಡಿ ಎಲ್ಲಾದರೂ ಉಗುರು ತಾಗಿದಷ್ಟು ಗೆರೆ ಬಿದ್ದರೂ ಇಡೀ ಲಾಟ್ ರಿಜೆಕ್ಟ್ ಆಗುತ್ತದೆ. ಈಗ ಈ ಪೆಟ್ಟಿಗೆಗಳು ನಮ್ಮ ಶೆಡ್ಡಿನ ಮಷೀನುಗಳ ನಡುವಿನ ಓಣಿಯಲ್ಲಿ ಎದೆಯೆತ್ತರಕ್ಕೆ ನಿಂತಿದ್ದು, ಆಪರೇಟರುಗಳು ಅಡ್ಡಡ್ಡಲಾಗಿ ನುಸುಳಿಕೊಂಡು ಓಡಾಡುತ್ತಿದ್ದಾರೆ. ಕಚ್ಚಾ ಮಾಲಿನ ವ್ಯಾಪಾರಿ ಹಣ ಕೇಳುತ್ತಿದ್ದಾನೆ, ಬ್ಯಾಂಕಿನ ಕ್ಯಾಷ್ ಕ್ರೆಡಿಟ್ ಸಾಲದ ಮಿತಿ ತುಂಬಿ ಹೋಗಿದೆ, ಸಂಬಳದ ದಿನ ಹತ್ತಿರ ಬರುತ್ತಿದೆ. ಇದೇ ಸುವರ್ಣಾವಕಾಶವಾದರೆ ಕಂಚಿನದ್ದೊಂದು ಇದ್ದರೆ ಸಾಕಿತ್ತು.

ಹಣವಿಲ್ಲವೆಂಬುದು ನಿಜವೇ ಎಂದು ಲೆಕ್ಕ ನೋಡಿದರೆ ತಲೆ ಕೆಡುತ್ತದೆ. 2025-26ರ ಬಜೆಟ್‌ನಲ್ಲಿ ರಕ್ಷಣೆಗೆ ಇಟ್ಟಿದ್ದು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಗೇ 1.61 ಲಕ್ಷ ಕೋಟಿ ಹೋಗುತ್ತದೆ, ಹೊಸ ಖರೀದಿ ಸೇರಿದ ಬಂಡವಾಳ ವೆಚ್ಚಕ್ಕೆ ಉಳಿಯುವುದು 1.80 ಲಕ್ಷ ಕೋಟಿ. ಅದರಲ್ಲೂ ದೊಡ್ಡ ಪಾಲು ಹಿಂದೆಂದೋ ಸಹಿಯಾದ ಒಪ್ಪಂದಗಳ ಕಂತಿಗೆ ಸಲ್ಲುತ್ತದೆ. ಕೈ ಬಿಗಿಯಾಗಿದೆ ಎಂಬುದನ್ನು ಅಷ್ಟರಮಟ್ಟಿಗೆ ಒಪ್ಪೋಣ. ಆದರೆ ಅದರ ಹಿಂದಿನ ವರ್ಷ ಬಂಡವಾಳ ವೆಚ್ಚಕ್ಕೆಂದು ಇಟ್ಟಿದ್ದ 1.72 ಲಕ್ಷ ಕೋಟಿ, ಪರಿಷ್ಕೃತ ಅಂದಾಜಿನ ಹೊತ್ತಿಗೆ ಸುಮಾರು 1.59 ಲಕ್ಷ ಕೋಟಿಗೆ ಇಳಿಯಿತಲ್ಲ, ಅದಕ್ಕೆ ಏನೆನ್ನಬೇಕು? ಮೇಲೆ ಕಡತ ಸಾಗದೆ ಅನುದಾನ ಕರಗುತ್ತದೆ, ಕೆಳಗೆ ಅನುದಾನವಿಲ್ಲವೆಂದು ನಮ್ಮ ಟೆಂಪೊ ತಿರುಗುತ್ತದೆ.

ಬಾಕಿ ಮೇಲಿನಿಂದಲೇ ಇಳಿದು ಬರುತ್ತದೆ ಎಂಬುದನ್ನೂ ಬಲ್ಲೆ. ವಾಯುಪಡೆಯಿಂದ ಹಣ ಬಾರದೆ, ಸಿಬ್ಬಂದಿಯ ಸಂಬಳಕ್ಕಾಗಿ ಎಚ್‌ಎಎಲ್‌ನಂಥ ಸಂಸ್ಥೆಯೇ ಸುಮಾರು 1,000 ಕೋಟಿ ರೂಪಾಯಿ ಸಾಲ ಎತ್ತಿದ ಸುದ್ದಿಯನ್ನು 2019ರ ಜನವರಿಯಲ್ಲಿ ನಾವೆಲ್ಲ ಓದಿದ್ದೇವೆ. (ನನ್ನ ಸರಕನ್ನು ಹಿಂದಿರುಗಿಸಿದ್ದು ಆ ಸಂಸ್ಥೆಯಲ್ಲ.) ದೊಡ್ಡವರು ಕೇಳಿದರೆ ಬ್ಯಾಂಕು ಸಾವಿರ ಕೋಟಿ ಕೊಡುತ್ತದೆ. ಪೀಣ್ಯ ಎರಡನೇ ಹಂತದ ಶೆಡ್ಡಿನವನು ಕೇಳಿದರೆ ಮನೆಯ ಪತ್ರ ತನ್ನಿ ಎನ್ನುತ್ತದೆ.

ಕಾನೂನು ಇಲ್ಲವೆ ಎಂದು ಓದುಗರು ಕೇಳಬಹುದು. ಬೇಕಾದಷ್ಟಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯ ಪ್ರಕಾರ 45 ದಿನಗಳೊಳಗೆ ಹಣ ಪಾವತಿಯಾಗಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ ಅದು ಸ್ವೀಕಾರವಾದಂತೆಯೇ ಲೆಕ್ಕ. ಆದ್ದರಿಂದಲೇ ಈಗ ಸರಕನ್ನು ತಲುಪಲಿಕ್ಕೇ ಬಿಡುವುದಿಲ್ಲ! ಗೇಟಿನೊಳಗೆ ಹೋದರೆ ತಾನೆ ಸರಕು ಬಂತೆಂಬ ರಸೀದಿ, ಅಂದರೆ ಜಿಆರ್‌ಎನ್ ಆಗುವುದು, ಜಿಆರ್‌ಎನ್ ಆದರೆ ತಾನೆ ದಿನ ಎಣಿಕೆಯಾಗುವುದು? ಒಳಗೆ ಹೋದ ಹಳೆಯ ಲಾಟುಗಳ ಬಿಲ್ಲಿನ ಕಥೆ ಇನ್ನೊಂದು. ಅದು ಫೈನಾನ್ಸ್‌ನಲ್ಲಿದೆ ಎಂದು ಪರ್ಚೇಸಿನವರೂ, ಇನ್‌ಸ್ಪೆಕ್ಷನ್ ನೋಟ್ ಬಂದಿಲ್ಲ ಎಂದು ಫೈನಾನ್ಸಿನವರೂ ಹೇಳುತ್ತಾರೆ, ಇನ್‌ಸ್ಪೆಕ್ಷನ್‌ನವರು ಯಾವಾಗಲೂ ಟೂರಿನಲ್ಲಿರುತ್ತಾರೆ. ಬಡ್ಡಿಗಾಗಿ, ಬಾಕಿಯ ತಗಾದೆ ತೀರಿಸುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗಬಹುದು ನಿಜ. ಹೋದವನಿಗೆ ದರ ಕೇಳುವ ಮುಂದಿನ ಎನ್‌ಕ್ವಯರಿ ಬರುವುದಿಲ್ಲವೆಂಬುದು ಪೀಣ್ಯದಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬರೆದುಕೊಡದ ಇನ್ನೊಂದು ನಿಯಮ.

ಇತ್ತ ನನಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಬಿಲ್ಲಿನ ಹಣ ಬರಲಿ ಬಿಡಲಿ, ಅದರ ಜಿಎಸ್‌ಟಿಯನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು, ತಡವಾದರೆ 18 ಪರ್ಸೆಂಟ್ ಬಡ್ಡಿ. ಅಂದರೆ ಸರ್ಕಾರಿ ಸಂಸ್ಥೆ ನನಗೆ ಕೊಡದ ಹಣದ ಮೇಲೆ ಸರ್ಕಾರಕ್ಕೇ ನಾನು ತೆರಿಗೆ ಕಟ್ಟುತ್ತೇನೆ. ಅನೊಡೈಸಿಂಗ್ ಮಾಡಿಕೊಟ್ಟ ರಾಜಾಜಿನಗರದ ಪುಟ್ಟ ಘಟಕಕ್ಕೆ ನಾನು 45 ದಿನ ಮೀರಿ ಬಾಕಿ ಉಳಿಸಿಕೊಂಡು ಮಾರ್ಚ್ ದಾಟಿಸಿದರೆ, 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ ಆದಾಯ ತೆರಿಗೆಯವರು ಅದನ್ನು ಆ ವರ್ಷದ ಖರ್ಚೆಂದು ಒಪ್ಪುವುದಿಲ್ಲ. ಶಿಸ್ತೆಲ್ಲ ನಮಗೇ.

2025ರ ನವೆಂಬರ್ 1ರಿಂದ ಹೊಸ ರಕ್ಷಣಾ ಖರೀದಿ ಕೈಪಿಡಿ ಬಂದಿದೆಯಲ್ಲ, ಅದರಲ್ಲಿ ಉದ್ದಿಮೆಗಳಿಗೆ ಸಡಿಲಿಕೆ ಇದೆಯಲ್ಲ ಎಂದು ಪರ್ಚೇಸಿನವರನ್ನು ಕೇಳಿದೆ. ಅದು ಸೇನೆಯ ಖರೀದಿಗೆ, ನಮ್ಮದು ಬೇರೆ ಮ್ಯಾನುಯಲ್ ಎಂದರು. ಸಣ್ಣ ಘಟಕಗಳಿಂದ ಕನಿಷ್ಠ 25 ಪರ್ಸೆಂಟ್ ಖರೀದಿಸಬೇಕೆಂಬ ನಿಯಮದ ಲೆಕ್ಕವನ್ನು ಮಾತ್ರ ಇವರು ಭಾಷಣದಲ್ಲಿ ತಪ್ಪದೆ ಒಪ್ಪಿಸುತ್ತಾರೆ. ಆ ಲೆಕ್ಕದಲ್ಲಿ ನನ್ನ ಆರ್ಡರೂ ಸೇರಿರುತ್ತದೆ, ನನ್ನ ಬಾಕಿ ಸೇರಿರುವುದಿಲ್ಲ.

ಅಧಿಕಾರಿಗಳ ಈ ರೀತಿ ನಮಗೆ ಹೊಸದೇನಲ್ಲ. ತುಮಕೂರು ರಸ್ತೆಯ ಮೇಲ್ಸೇತುವೆಯನ್ನು 2021ರ ಡಿಸೆಂಬರ್‌ನಲ್ಲಿ ಮುಚ್ಚಿ, ಭಾರೀ ವಾಹನಗಳಿಗೆ 2024ರ ಜುಲೈವರೆಗೂ ಬಿಡದೆ, ಇಡೀ ಪೀಣ್ಯದ ಲಾರಿಗಳನ್ನು ಗೊರಗುಂಟೆಪಾಳ್ಯದ ಸಿಗ್ನಲಿನಲ್ಲಿ ಒಣಗಿಸಿದಾಗ, ತಡವಾದ ಸರಕಿಗೆ ಯಾರೂ ಎಲ್‌ಡಿ ಮನ್ನಾ ಮಾಡಲಿಲ್ಲ. ಕೆಲಸ ಮಾಡಿಸಲು ಆಡಳಿತಕ್ಕೆ ಬರುವುದಿಲ್ಲವೆಂದೂ ಅಲ್ಲ. 2025ರ ಏರೊ ಇಂಡಿಯಾಕ್ಕಾಗಿ ಯಲಹಂಕ ವಾಯುನೆಲೆಯ 13 ಕಿಲೊಮೀಟರ್ ವ್ಯಾಪ್ತಿಯಲ್ಲಿ ಮಾಂಸ ಮಾರಾಟವನ್ನೇ ವಾರಗಟ್ಟಲೆ ನಿಲ್ಲಿಸಿದ ಇವರಿಗೆ, ಒಂದು ಸ್ಟೋರ್ಸಿನ ಬಾಗಿಲು ತೆರೆಸುವುದು ಕಷ್ಟವೆ? ಪ್ರದರ್ಶನ ನೋಡಲು ದೆಹಲಿಯಿಂದ ದೊಡ್ಡವರು ಬರುತ್ತಾರೆ, ಬ್ರಾಕೆಟ್ ನೋಡಲು ಯಾರು ಬರುತ್ತಾರೆ?

ಸಂಬಂಧಪಟ್ಟವರು ಕೂಡಲೇ ಗಮನ ಹರಿಸಿ ತಯಾರಾದ ಸರಕನ್ನು ಸ್ವೀಕರಿಸಿ ಹಳೆಯ ಬಾಕಿಯನ್ನೂ ಬಡ್ಡಿಯೊಂದಿಗೆ ಚುಕ್ತಾ ಮಾಡಬೇಕು. ಅದು ಆಗದಿದ್ದರೆ ಹಣವಿಲ್ಲದ ವರ್ಷದಲ್ಲಿ ಆರ್ಡರನ್ನಾದರೂ ಕೊಡಬಾರದು. ಅದೂ ಆಗದಿದ್ದರೆ ಸಚಿವರೋ ಸಂಸದರೋ ಯಾರಾದರೊಬ್ಬರು ಮಧ್ಯೆ ಬಂದು ಈ ಅಧಿಕಾರಿಗಳಿಗೆ ಬುದ್ಧಿ ಹೇಳಬೇಕು, ಇಲ್ಲವೆ ಅವರ ಒಂದು ತಿಂಗಳ ಸಂಬಳವನ್ನು ಏಪ್ರಿಲ್ ಕಳೆದ ಮೇಲೆ ಕೊಡಬೇಕು.

— ನೊಂದ ಸಣ್ಣ ಉದ್ದಿಮೆದಾರ, ಪೀಣ್ಯ 2ನೇ ಹಂತ, ಬೆಂಗಳೂರು